ನಾಲಗೆಯ ಮೇಲೆ ನಿಲ್ಲುವ ಪುಸ್ತಕಗಳು

ಮದುವೆಮನೆಯಲ್ಲಿ ಮುಯ್ಯಿ ‘ಓದಿಸುವುದು’ ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಕೊಟ್ಟವರ ಹೆಸರು, ಊರು, ಮೊತ್ತವನ್ನು ಒಬ್ಬರು ಚಪ್ಪರದ ತುದಿಯವರೆಗೂ ಕೇಳುವ ಹಾಗೆ ಕೂಗಿ ಹೇಳುತ್ತಿದ್ದ ಕಾಲದ ಮಾತು ಅದು. ಈಗ ಕವರು ಕೈಗಿಟ್ಟು, ಫೋಟೋಗೆ ನಿಂತು ಇಳಿದು ಬರುತ್ತೇವೆ. ಆದರೂ ‘ಓದಿಸಿ ಬಂದ್ವಿ’ ಅನ್ನುವುದನ್ನು ಬಿಟ್ಟಿಲ್ಲ. ಓದು ಅಂದರೆ ಕನ್ನಡಕ್ಕೆ ಬಹುಕಾಲ ಬಾಯಿಂದ ಹೊರಟು ಕಿವಿ ಮುಟ್ಟುವ ಸದ್ದೇ ಆಗಿತ್ತು. ಕುಮಾರವ್ಯಾಸನ ಭಾರತವನ್ನು ನಮ್ಮ ಹಿರಿಯರಲ್ಲಿ ಹೆಚ್ಚಿನವರು ಕಣ್ಣಿಂದ ಓದಿದವರಲ್ಲ, ಕೇಳಿದವರು. ಒಬ್ಬರು ರಾಗವಾಗಿ ಷಟ್ಪದಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಸುತ್ತ ಕೂತವರು ತಲೆದೂಗುವುದು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಈ ಗಮಕಕ್ಕೆ ಇವತ್ತಿಗೂ ಹೆಸರಾದ ಊರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ಓದಲು ಬರುವವನು ಒಬ್ಬನಿದ್ದರೆ ಸಾಕಿತ್ತು, ಓಣಿಗೆಲ್ಲ ಒಂದೇ ಪುಸ್ತಕ ಸಾಲುತ್ತಿತ್ತು.

ಇಂಥ ಭಾಷೆಯಲ್ಲಿ ಹುಟ್ಟಿದವರೇ ‘ಮಕ್ಕಳಿಗೆ ಓದಿ ಹೇಳೋಕೆ ಕನ್ನಡದಲ್ಲಿ ಏನಿದೆ?’ ಎಂದು ಕೇಳಿದಾಗ ನನಗೆ ಸಂಕಟವಾಗುತ್ತದೆ. ಕೇಳುವ ಗೆಳತಿಯರ ದನಿಯಲ್ಲಿ ‘ಏನೂ ಇಲ್ಲ ಅಲ್ವಾ’ ಎಂಬ ಅನುಮಾನ ಮೊದಲೇ ಸೇರಿರುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಓದುವ ರೂಢಿಗೆ ಈಗ 8 ವರ್ಷ. ಮಗಳು 3 ವರ್ಷದವಳಿದ್ದಾಗ ಶುರುವಾದದ್ದು. ಅವಳಿಗೀಗ 11, ಮಗನಿಗೆ 6. ಈ ಅನುಭವದ ಮೇಲೆ ಹೇಳುವುದಾದರೆ, ಕನ್ನಡದಲ್ಲಿ ಓದಿ ಹೇಳುವಂಥದ್ದು ಬೇಕಾದಷ್ಟಿದೆ, ಆದರೆ ಎಲ್ಲ ವಯಸ್ಸಿಗೂ ಒಂದೇ ಸಮನಾಗಿ ಇಲ್ಲ. ಒಳ್ಳೆಯ ಪುಸ್ತಕವೆಲ್ಲ ಗಟ್ಟಿಯಾಗಿ ಓದುವುದಕ್ಕೆ ಒಳ್ಳೆಯದು ಎಂದೂ ಅಲ್ಲ. ಪುಸ್ತಕದಂಗಡಿಯಲ್ಲಿ ನಿಂತು, ಯಾರು ನೋಡಿದರೂ ಸರಿ ಎಂದು, ಒಂದು ಪುಟವನ್ನು ತುಟಿ ಆಡಿಸಿ ಓದಿ ನೋಡುತ್ತೇನೆ. ವಾಕ್ಯದ ನಡುವೆ ಉಸಿರು ಸಿಕ್ಕಿಕೊಂಡರೆ ಆ ಪುಸ್ತಕ ಶೆಲ್ಫಿಗೇ ವಾಪಸ್ಸು.

ಈ ಪರೀಕ್ಷೆಯಲ್ಲಿ ಎಂದೂ ಸೋಲದವರು ಪಂಜೆ ಮಂಗೇಶರಾಯರು (1874–1937). ಮೇಷ್ಟರಾಗಿ ಮಕ್ಕಳ ನಡುವೆ ಬದುಕಿದ ಅವರಿಗೆ ಮಗುವಿನ ಬಾಯಿ ಯಾವ ಅಕ್ಷರದಲ್ಲಿ ಸುಖಪಡುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ‘ನಾಗರಹಾವೆ’ಯನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ, ಹಾವು ಹರಿದಂತೆಯೇ ‘ಹ’ಕಾರ, ‘ವ’ಕಾರಗಳು ಒಂದರ ಹಿಂದೊಂದು ಹರಿಯುತ್ತವೆ. ಹಾವೆಂದರೆ ಹೌಹಾರುವ ನನ್ನ ಮಗ ಈ ಪದ್ಯದ ಹಾವಿಗೆ ಮಾತ್ರ ಕೈ ಮುಗಿಯುತ್ತಾನೆ. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆ ಇನ್ನೂ ಸೊಗಸು. ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ತಪ್ಪು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ, ಎರಡನೆಯ ಸಲ ಓದುವ ಹೊತ್ತಿಗೆ ಮುಂದಿನ ಪ್ರಶ್ನೆಯನ್ನು ಮಗುವೇ ಕೇಳಿಬಿಡುತ್ತದೆ. ನಾನು ಮಲೆನಾಡಿನವಳು, ಮೊದಲ ಸಲ ಓದುವಾಗ ಸಿಗಡಿ ಎಂದರೇನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಉಡುಪಿ ಕಡೆಯ ನಮ್ಮತ್ತೆ ಒಳಗಿನಿಂದ ಎದ್ದು ಬಂದು, ಅಂಗಳದಲ್ಲಿ ಚಾಪೆ ಹಾಸಿ ಸಿಗಡಿ ಒಣಹಾಕುವುದು, ಕಾಗೆ ಕಾಯಲು ಮಕ್ಕಳನ್ನು ಕೂರಿಸುವುದು, ಮೋಡ ಕಂಡರೆ ಚಾಪೆ ಮಡಚಿ ಓಡುವುದು, ಎಲ್ಲವನ್ನೂ ಕೈ ಮಾಡಿ ತೋರಿಸಿದರು. ಆ ರಾತ್ರಿ ಕಥೆ ಮುಂದೆ ಹೋಗಲೇ ಇಲ್ಲ. ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಹೀಗೆ ಮನೆಯವರೆಲ್ಲ ಅದರೊಳಗೆ ಬಂದು ಸೇರಿಕೊಳ್ಳುತ್ತಾರೆ.

ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ, ತುತ್ತೂರಿಯ ಹುಡುಗನನ್ನು ಅರಿಯದ ಕನ್ನಡದ ಮನೆ ಇಲ್ಲ. ಆ ಪದ್ಯದ ಕೊನೆಗೆ ಜಂಬಕ್ಕೆ ಬಿದ್ದ ಪೆಟ್ಟಿನ ಮಾತು ಬರುತ್ತದಾದರೂ ನನ್ನ ಮಗ ಕಾಯುವುದು ಅದಕ್ಕಲ್ಲ, ಸರಿಗಮ ಊದುವ ಜಾಗಕ್ಕೆ. ಬಿಡಿ ಪದ್ಯಗಳನ್ನು ಹುಡುಕುತ್ತ ಅಲೆಯಲಾಗದವರು ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ತಂದಿಟ್ಟುಕೊಳ್ಳಬಹುದು. ಒಂದು ಶತಮಾನದ ಕನ್ನಡ ಮಕ್ಕಳ ಪದ್ಯಗಳು ಒಂದೇ ರಟ್ಟಿನೊಳಗಿವೆ. ನಮ್ಮ ಪ್ರತಿಯ ಬೆನ್ನು ಕಿತ್ತು ಬಂದಿದೆ, ಎರಡು ಸಲ ಬೈಂಡ್ ಮಾಡಿಸಿದ್ದೇವೆ.

ಪದ್ಯದಿಂದ ಕಥನಕ್ಕೆ ದಾಟುವ ವಯಸ್ಸಿಗೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಒಳ್ಳೆಯ ಸೇತುವೆ ನನಗೆ ಕಂಡಿಲ್ಲ. ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಪದ್ಯವನ್ನು ಆಧರಿಸಿ ಕುವೆಂಪು ಬರೆದದ್ದು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಓದುವಾಗ ನೆನಪಾಗುವುದಿಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ತುಂಗೆಯ ದಡದ ಹಳ್ಳಿಯಾಗಿದೆ, ಅಲ್ಲಿನ ಮೇಯರ್ ನಮ್ಮೂರಿನ ಗೌಡನಾಗಿದ್ದಾನೆ, ಬಣ್ಣಬಣ್ಣದ ಅಂಗಿಯ ಕೊಳಲುಗಾರ ಗಡ್ಡದ ಜೋಗಿಯಾಗಿದ್ದಾನೆ. ಇಲಿಗಳು ಸಾಲುಸಾಲಾಗಿ ಹೊರಡುವ ಭಾಗ ಬಂದಾಗ ಓದುವವರಿಗೆ ಎದೆಯಲ್ಲಿ ಉಸಿರಿರಬೇಕು. ಸಾಲುಗಳು ಗಿಡ್ಡ, ಓಟ ಜೋರು, ನಿಲ್ಲಲು ಜಾಗವಿಲ್ಲ. ನಮ್ಮ ಯಜಮಾನರು ಇದನ್ನು ಓದುವಾಗ ಮಕ್ಕಳಿಬ್ಬರೂ ಹಾಸಿಗೆಯ ಮೇಲೆ ಇಲಿಗಳಾಗುತ್ತಾರೆ. ಕೊನೆಗೆ ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಬೆಟ್ಟದೊಳಗೆ ಹೋಗಿ, ಕುಂಟ ಹುಡುಗನೊಬ್ಬ ಹಿಂದುಳಿದಾಗ ಕೋಣೆ ಪೂರ್ತಿ ತಣ್ಣಗಾಗುತ್ತದೆ. ‘ಅವನು ಯಾರ ಜೊತೆ ಆಡ್ತಾನೆ?’ ಎಂದು ಮಗ ಕೇಳಿದ. ದುಡ್ಡು ಕೊಡದೆ ಮೋಸ ಮಾಡಿದ ಗೌಡನ ಸುದ್ದಿ ಅವನು ಎತ್ತಲೇ ಇಲ್ಲ.

‘ಗೋವಿನ ಹಾಡು’ ಓದುವಾಗ ದೊಡ್ಡವರ ಧೈರ್ಯಕ್ಕೇ ಪರೀಕ್ಷೆ. ಪುಣ್ಯಕೋಟಿ ಕರುವನ್ನು ತಬ್ಬಲಿ ಮಾಡಿ, ಅಕ್ಕತಂಗಿಯರ ಕೈಗೊಪ್ಪಿಸಿ ಹೊರಡುವಲ್ಲಿ ನನ್ನ ಗಂಟಲು ಕಟ್ಟುತ್ತದೆ, ಪ್ರತಿ ಸಲವೂ. ಮಗಳಿಗೆ 5 ವರ್ಷವಿದ್ದಾಗ ಹುಲಿ ಪ್ರಾಣಬಿಡುವ ಜಾಗ ಬಂದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಸು ವಾಪಸ್ಸು ಬಂದಲ್ಲಿಗೆ ನಿಲ್ಲಿಸು ಎಂದಳು. ಕೆಲವು ವಾರ ಹಾಗೇ ನಿಲ್ಲಿಸಿದೆ. ಒಂದು ರಾತ್ರಿ ಅವಳೇ, ‘ಇವತ್ತು ಹುಲಿದೂ ಓದು’ ಎಂದಳು. ಅತ್ತಳು. ಅತ್ತು ಮಲಗಿದಳು. ಮಕ್ಕಳಿಗೆ ಬೇಸರವಾಗುತ್ತದೆಂದು ಹುಲಿಯನ್ನು ಬದುಕಿಸಿ ಹೇಳುವ ತಂದೆತಾಯಿಯರನ್ನು ನಾನು ಕಂಡಿದ್ದೇನೆ, ಅವರ ಮಮತೆ ಅರ್ಥವಾಗುತ್ತದೆ. ಆದರೂ ಕಥೆಯನ್ನು ತಿದ್ದಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಲ್ಲಿಸಬಹುದು, ಮುಂದೂಡಬಹುದು. ಹುಲಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು ಎಂಬುದನ್ನು ತೆಗೆದುಹಾಕಿದರೆ ಹಸುವಿನ ಮಾತಿಗೂ ಬೆಲೆ ಉಳಿಯುವುದಿಲ್ಲ. ಅಮ್ಮನ ತೋಳಿಗೆ ಆನಿಕೊಂಡು ಕೇಳುವ ಸಾವು ಮಗು ಒಬ್ಬಂಟಿಯಾಗಿ ಕಾಣುವ ಸಾವಿನಂಥದ್ದಲ್ಲ.

ಕಥೆಗಳ ವಿಷಯಕ್ಕೆ ಬಂದರೆ ಡಾ. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಗೆ ಮೊದಲು ನಮಸ್ಕಾರ ಹೇಳಬೇಕು. ತಿಂಗಳಿಗೊಂದರಂತೆ 12 ಸಂಪುಟ, ವರ್ಷದ ಪ್ರತಿ ದಿನಕ್ಕೂ ಒಂದು ಕಥೆ. ಮನೆಯಲ್ಲಿ ದಿನದಿನವೂ ಓದಿ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆಯೇ ಕಟ್ಟಿದ ಇಂಥ ಇನ್ನೊಂದು ಯೋಜನೆ ಕನ್ನಡದಲ್ಲಿ ನನಗೆ ತಿಳಿದಿಲ್ಲ. ವೈದ್ಯೆಯಾಗಿದ್ದವರು, ಕಾದಂಬರಿಗಳನ್ನು ಬರೆಯುತ್ತಿದ್ದವರು, ಅದರ ಜೊತೆಗೇ ಇಷ್ಟನ್ನು ಮಾಡಿದರು. ವಾಕ್ಯಗಳು ಚಿಕ್ಕವು, ಪೀಠಿಕೆ ಇಲ್ಲ, ಎರಡನೆಯ ಸಾಲಿಗೆ ಕಥೆ ನಡೆಯತೊಡಗುತ್ತದೆ. ದಣಿದು ಬಂದ ದಿನ ನನಗೆ ಇದಕ್ಕಿಂತ ದೊಡ್ಡ ಆಸರೆಯಿಲ್ಲ. ಒಂದು ತೊಡಕೂ ಇದೆ: ಕಥೆ ಬೇಗ ಮುಗಿಯುವುದರಿಂದ ‘ಇನ್ನೊಂದು’ ಎಂಬ ಹಟ ಶುರುವಾಗುತ್ತದೆ, ಮಾರ್ಚ್ ತಿಂಗಳ ಕಥೆಗಳು ಜನವರಿಯಲ್ಲೇ ಖಾಲಿಯಾಗುತ್ತವೆ.

‘ಚಂದಮಾಮ’ ಈ ಹಟವನ್ನು ಬೇರೆ ರೀತಿಯಲ್ಲಿ ತೀರಿಸುತ್ತಿತ್ತು. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಸ್ವಲ್ಪದರಲ್ಲೇ ಕನ್ನಡಕ್ಕೂ ಬಂದ ಆ ಪತ್ರಿಕೆ ನಿಂತುಹೋಗಿದೆ. ಹಳೆಯ ಸಂಚಿಕೆಗಳ ಕಟ್ಟು ನಮ್ಮ ಅಟ್ಟದ ಮೇಲಿತ್ತು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ನೋಡಿದರೆ ಸಾಕು, ಮಕ್ಕಳು ಹತ್ತಿರ ಸರಿಯುತ್ತಾರೆ. ಬೇತಾಳನ ಕಥೆಗಳಲ್ಲಿ ಗಟ್ಟಿ ಓದಿಗೆ ಹೇಳಿ ಮಾಡಿಸಿದ ಒಂದು ಗುಣವಿದೆ. ಕಥೆ ಮುಗಿದಲ್ಲಿ ಪ್ರಶ್ನೆ ಬರುತ್ತದೆ. ನಾವು ಅಲ್ಲೇ ಪುಸ್ತಕ ಮುಚ್ಚುತ್ತೇವೆ. ವಿಕ್ರಮನಿಗಿಂತ ಮೊದಲು ಮನೆಯವರೆಲ್ಲ ಉತ್ತರ ಹೇಳಬೇಕು. ಒಮ್ಮೆ ಅತ್ತೆಯ ತೀರ್ಪು ವಿಕ್ರಮನದಕ್ಕಿಂತ ನ್ಯಾಯವಾಗಿತ್ತೆಂದು ಮಕ್ಕಳು ಹಟ ಹಿಡಿದು, ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದಾರೆ. ಪತ್ರಿಕೆಯ ಕಟ್ಟು ಇಲ್ಲದವರಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ಕಥಾಮೃತ’ ಇದೆ, ಸೋಮದೇವನ ಕಥಾಸರಿತ್ಸಾಗರವನ್ನು ತಿಳಿಗನ್ನಡಕ್ಕೆ ಇಳಿಸಿದ ಪುಸ್ತಕ. ಮಕ್ಕಳಿಗೆಂದೇ ಬರೆದದ್ದಲ್ಲವಾದ್ದರಿಂದ ಓದುವ ಮುಂಚೆ ಒಮ್ಮೆ ಕಣ್ಣಾಡಿಸಿ, ಯಾವುದು ಈಗ, ಯಾವುದು ಆಮೇಲೆ ಎಂದು ಆಯ್ದುಕೊಳ್ಳಬೇಕು.

ಅದೇ ಶಾಸ್ತ್ರಿಗಳ ‘ವಚನ ಭಾರತ’ ನಮ್ಮ ಮನೆಯ ಓದಿನ ನಡುಗಂಬ. ಹೆಸರು ಕೇಳಿ ಹೆದರಬೇಡಿ. ಇಡೀ ಮಹಾಭಾರತ ಒಂದೇ ಸಂಪುಟದಲ್ಲಿ, ಎಲ್ಲೂ ಉಪನ್ಯಾಸವಾಗದೆ, ಮಾತನಾಡುವಷ್ಟು ಸಹಜವಾದ ಗದ್ಯದಲ್ಲಿ ಸಾಗುತ್ತದೆ. ನಾವು ಇದನ್ನು ಒಂದೂವರೆ ವರ್ಷ ಓದಿದೆವು. ನಡುವೆ ಪರೀಕ್ಷೆ, ಜ್ವರ, ಊರಿನ ಪ್ರಯಾಣ ಬಂದಾಗ ಪಾಂಡವರು ಅಜ್ಞಾತವಾಸದಲ್ಲೇ ಕಾಯುತ್ತಿದ್ದರು. ಕರ್ಣನ ರಥದ ಗಾಲಿ ಹೂತ ರಾತ್ರಿ ಮಗಳು ಮುಂದಿನ ಪುಟ ಓದಲು ಬಿಡಲಿಲ್ಲ, ‘ನಾಳೆವರೆಗೂ ಅವನು ಬದುಕಿರ್ಲಿ’ ಎಂದಳು. ಗಮಕದವರ ಸಭೆಯಲ್ಲೂ ಹೀಗೆ ಪ್ರಸಂಗವನ್ನು ತೂಗಿ ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ ಓದಿ ಹೇಳುವವರ ಕಲೆಯಲ್ಲಿ ಅರ್ಧದಷ್ಟಿದೆ.

ಶಿವರಾಮ ಕಾರಂತರ ‘ಬಾಲ ಪ್ರಪಂಚ’, ನಿರಂಜನರು ಸಂಪಾದಿಸಿದ ‘ಜ್ಞಾನ ಗಂಗೋತ್ರಿ’, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ಭಾರತ ಭಾರತಿ ಮಾಲೆಯ 510 ಕಿರುಹೊತ್ತಗೆಗಳು, ಇವೆಲ್ಲ ಮನೆಯಲ್ಲಿರಬೇಕಾದ ಪುಸ್ತಕಗಳೇ. ಆದರೆ ಮಕ್ಕಳು ತಾವೇ ಬಿಚ್ಚಿ, ತಿರುವಿ, ಚಿತ್ರ ನೋಡಿ ಓದಿಕೊಳ್ಳುವಂಥವು. ಜೋರಾಗಿ ಓದಿದರೆ ಪಾಠದ ದನಿ ಬಂದುಬಿಡುತ್ತದೆ.

ನಿಜವಾದ ಕೊರತೆ ಇರುವುದು 7ರಿಂದ 10ರ ವಯಸ್ಸಿನಲ್ಲಿ. ಈ ಮಕ್ಕಳಿಗೆ ಪದ್ಯ ಸಾಲದು, ಭಾರತ ಭಾರ. ಅವರಿಗೆ ಬೇಕಾದ್ದು ಅಧ್ಯಾಯ ಅಧ್ಯಾಯವಾಗಿ ಮೂರು ವಾರ ನಡೆಯುವ ಒಂದು ಕಥೆ. ಅದರಲ್ಲಿ ತಮ್ಮ ವಯಸ್ಸಿನ ಹುಡುಗ ಹುಡುಗಿಯರು, ತಾವು ಹೋಗುವಂಥದ್ದೇ ಬಸ್ಸು, ಶಾಲೆ, ಬೀದಿ. ಕನ್ನಡದಲ್ಲಿ ಇಂಥವು ಬೆರಳೆಣಿಕೆಯಷ್ಟು. ತೆರೆದ ಕೂಡಲೇ ಬುದ್ಧಿ ಹೇಳಲು ಶುರುಮಾಡುವ ಪುಸ್ತಕಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮೂರನೆಯ ಪುಟಕ್ಕೆ ಮಕ್ಕಳು ಹಾಸಿಗೆಯ ದಾರ ಕೀಳತೊಡಗುತ್ತಾರೆ. ನಮ್ಮಲ್ಲಿ ಈ ಜಾಗ ತುಂಬಿದ್ದು ಜಪಾನಿನ ಹುಡುಗಿ. ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ ‘ತೊತ್ತೊ-ಚಾನ್’ ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಅನುವಾದದಲ್ಲಿ ಸಿಗುತ್ತದೆ. ಹಳೆಯ ರೈಲು ಬೋಗಿಗಳೇ ತರಗತಿಗಳಾದ ತೊಮೊಯೆ ಶಾಲೆ, ಮೊದಲ ದಿನವೇ ಪುಟ್ಟ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳಿದ ಮುಖ್ಯೋಪಾಧ್ಯಾಯ ಕೊಬಾಯಾಶಿ. ಮಕ್ಕಳ ಬುತ್ತಿಯಲ್ಲಿ ಸಮುದ್ರದ್ದು ಒಂದಿಷ್ಟು, ಬೆಟ್ಟದ್ದು ಒಂದಿಷ್ಟು ಇರಬೇಕೆಂಬ ಅವರ ಕಟ್ಟಳೆ ಓದಿದ ಮಾರನೆಯ ಬೆಳಿಗ್ಗೆ ನನ್ನ ಮಗಳು ಡಬ್ಬಿ ತೆರೆದು, ‘ಚಿತ್ರಾನ್ನದಲ್ಲಿ ಸಮುದ್ರದ್ದು ಏನಿದೆ?’ ಎಂದಳು. ‘ಉಪ್ಪು’ ಎಂದರು ಅತ್ತೆ. ಪೋಲಿಯೋ ಆದ ಗೆಳೆಯನನ್ನು ತೊತ್ತೊ-ಚಾನ್ ಏಣಿ ಇಟ್ಟು ಮರ ಹತ್ತಿಸುವ ಅಧ್ಯಾಯವನ್ನು ನಾವು ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ.

ಈ ವಯಸ್ಸಿಗೆ ಇನ್ನೊಂದು ದಾರಿಯಿದೆ, ಹೆಚ್ಚು ಜನ ಹಿಡಿಯದ ದಾರಿ: ನಾಟಕ ಓದುವುದು. ವೈದೇಹಿಯವರ ‘ನಾಯಿಮರಿ ನಾಟಕ’, ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ಮಕ್ಕಳಿಗಾಗಿ ತಂದ ‘ಧಾಂ ಧೂಂ ಸುಂಟರಗಾಳಿ’, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಳಿಲು ರಾಮಾಯಣ’, ಇವನ್ನು ಪಾತ್ರ ಹಂಚಿಕೊಂಡು ಕೂತಲ್ಲೇ ಓದಬಹುದು. ಈಗಷ್ಟೇ ಅಕ್ಷರ ಕೂಡಿಸುವ ಮಗುವಿಗೂ ಎರಡು ಮಾತು ಸಿಗುತ್ತದೆ. ತನ್ನ ಸರದಿ ಬರುವವರೆಗೆ ಬೆರಳಿಟ್ಟು ಕಾಯುವ ನನ್ನ ಮಗ ಶಾಲೆಗಿಂತ ಹೆಚ್ಚು ಓದು ಕಲಿತದ್ದು ಹೀಗೆ.

ಚಿತ್ರಪುಸ್ತಕಗಳಲ್ಲಿ ಮಾತ್ರ ಈಚಿನ ವರ್ಷಗಳಲ್ಲಿ ದೊಡ್ಡ ಬದಲಾವಣೆಯಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್, 2015ರಲ್ಲಿ ಅದು ತೆರೆದ ಸ್ಟೋರಿವೀವರ್ ತಾಣ, ಚೆನ್ನೈನ ತೂಲಿಕಾ, ಇವುಗಳಿಂದ ಕಡಿಮೆ ಬೆಲೆಗೆ, ಕೆಲವೊಮ್ಮೆ ಪುಕ್ಕಟೆಯಾಗಿ, ಒಳ್ಳೆಯ ಚಿತ್ರವಿರುವ ಕನ್ನಡ ಪುಸ್ತಕಗಳು ಕೈಗೆಟುಕಿವೆ. ಹೊರದೇಶದಲ್ಲಿರುವ ನನ್ನ ತಂಗಿ ತನ್ನ ಮಗನಿಗೆ ಓದಿ ಹೇಳುವುದು ಇವನ್ನೇ. ಆದರೆ ಬೇರೆ ಭಾಷೆಯಿಂದ ಬಂದ ಚಿತ್ರಪುಸ್ತಕಗಳ ಕನ್ನಡ ಎಷ್ಟೋ ಕಡೆ ನಾಲಗೆಗೆ ಒಗ್ಗುವುದಿಲ್ಲ. ‘ರಾಣಿಯು ಅತ್ಯಂತ ಉತ್ಸುಕಳಾಗಿದ್ದಳು’ ಎಂಬಂಥ ಸಾಲು ಬಂದರೆ ನಾನು ಓದುವಾಗಲೇ ‘ರಾಣಿಗೆ ಕಾಲು ನಿಲ್ಲಲೇ ಇಲ್ಲ’ ಎಂದು ಮಾಡಿಕೊಳ್ಳುತ್ತೇನೆ. ಪುಸ್ತಕವನ್ನು ಅಚ್ಚಿಗೆ ಕಳಿಸುವ ಮೊದಲು ಅನುವಾದಕರು ಒಂದೇ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದರೆ ಈ ತೊಂದರೆಯ ಬಹುಪಾಲು ಅಲ್ಲೇ ತೀರುತ್ತದೆ.

ಮಗಳಿಗೆ ತಾನೇ ಓದಲು ಬಂದ ಮೇಲೂ ನಾವು ಓದಿ ಹೇಳುವುದನ್ನು ನಿಲ್ಲಿಸಲಿಲ್ಲ. ಅದಕ್ಕೆ ಕಾರಣ ಪೂರ್ಣಚಂದ್ರ ತೇಜಸ್ವಿ. ‘ಪರಿಸರದ ಕತೆ’ಯಿಂದ ಶುರುಮಾಡಿ, ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಅವರು ಕನ್ನಡಿಸಿದ ‘ಕಾಡಿನ ಕತೆಗಳು’ ದಾಟಿ, ಈ ಬೇಸಿಗೆಯಲ್ಲಿ ‘ಕರ್ವಾಲೊ’ (1980) ಮುಗಿಸಿದೆವು. ತೇಜಸ್ವಿಯ ಗದ್ಯವನ್ನು ಓದುವವರು ದನಿ ಬದಲಿಸಬೇಕಾದ್ದೇ ಇಲ್ಲ. ಮಂದಣ್ಣ ಬಾಯಿ ಬಿಟ್ಟರೆ ಮಂದಣ್ಣನೇ, ಕರಿಯಪ್ಪ ಮಾತಾಡಿದರೆ ಕರಿಯಪ್ಪನೇ. ‘ಕಿವಿ’ ಎಂಬ ನಾಯಿಯ ಪ್ರತಾಪಗಳಿಗೆ ನಕ್ಕು ನಕ್ಕು ಓದು ನಿಂತುಹೋದ ರಾತ್ರಿಗಳಿವೆ. ಹಾರುವ ಓತಿ ಕಣಿವೆಯ ಮೇಲೆ ತೇಲಿಹೋಗುವ ಕೊನೆಯ ಪುಟಗಳನ್ನು ಮಗಳೇ ಓದುತ್ತೇನೆಂದು ಪುಸ್ತಕ ಕಿತ್ತುಕೊಂಡಳು. ಒಂಟಿಯಾಗಿ ಓದಿದ್ದರೆ ವಿಜ್ಞಾನದ ಚರ್ಚೆಯ ಪುಟಗಳನ್ನು ಅವಳು ಹಾರಿಸುತ್ತಿದ್ದಳೋ ಏನೋ. ಅಪ್ಪ ಓದುತ್ತ, ನಿಲ್ಲಿಸಿ ವಿವರಿಸುತ್ತ ಹೋದದ್ದರಿಂದ ಅವೂ ಕಥೆಯೇ ಆದವು. 11ರ ಮಗುವಿನ ಕಿವಿ ಅದರ ಕಣ್ಣಿಗಿಂತ ಎರಡು ವರ್ಷ ದೊಡ್ಡದು ಎಂದು ನನಗನ್ನಿಸುತ್ತದೆ.

ಪುಸ್ತಕ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. 2020ರಲ್ಲಿ ‘ಓದುವ ಬೆಳಕು’ ಅಭಿಯಾನ ಬಂದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಜಾಗ ಸಿಕ್ಕಿದೆ. ಅರಿವು ಕೇಂದ್ರ ಎಂಬ ಹೆಸರಿನ ನಮ್ಮೂರಿನ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಮಕ್ಕಳು ಚಾಪೆಯ ಮೇಲೆ ಕೂತಿರುವುದನ್ನು ಕಂಡು ಕಣ್ಣು ತುಂಬಿತ್ತು. ಪಂಜೆಯವರ ಒಂದೊಂದು ಕಥೆಯೂ ದಪ್ಪಕ್ಷರದಲ್ಲಿ, ಚಿತ್ರಗಳೊಂದಿಗೆ ಬಿಡಿ ಪುಸ್ತಕವಾಗಿ ಇಂಥ ಪ್ರತಿಯೊಂದು ಚಾಪೆಗೂ ತಲುಪಬೇಕು.

‘ನಮ್ಮ ಮನೆಮಾತು ಕನ್ನಡವಲ್ಲವಲ್ಲ’ ಎಂದು ಹಿಂಜರಿಯುವವರಿಗೂ ಪಂಜೆಯವರನ್ನೇ ತೋರಿಸುತ್ತೇನೆ. ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ. ನಮ್ಮ ಮನೆಯಲ್ಲಿ ಅತ್ತೆಯದು ತುಳು, ನನ್ನದು ಮಲೆನಾಡಿನ ಕನ್ನಡ, ಮಕ್ಕಳದು ಬೆಂಗಳೂರಿನದು. ಓದುವಾಗ ಮೂರೂ ಬೆರೆಯುತ್ತವೆ. ತುಳು ಪಾಡ್ದನದ ಅವಳಿ ವೀರರ ಕಥೆಯನ್ನು ಪಂಜೆಯವರು ಕನ್ನಡ ಗದ್ಯದಲ್ಲಿ ಬರೆದ ‘ಕೋಟಿ ಚೆನ್ನಯ’ವನ್ನು ನಾನು ಓದಿದಾಗೆಲ್ಲ ಅತ್ತೆ ‘ಅಂಚ ಅತ್ತ್’ ಎಂದು ತಡೆಯುತ್ತಾರೆ. ಹಾಗಲ್ಲ ಎಂದರ್ಥ. ಅವರು ಚಿಕ್ಕಂದಿನಲ್ಲಿ ಗದ್ದೆಯಲ್ಲಿ ನೇಜಿ ನೆಡುವವರ ಬಾಯಲ್ಲಿ ಕೇಳಿದ ಕಥೆ ಸ್ವಲ್ಪ ಬೇರೆ.

ಹೋದ ತಿಂಗಳು ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಮಗಳು ತಾನಾಗಿಯೇ ‘ಕೋಟಿ ಚೆನ್ನಯ’ ತಂದು ಅವರ ಪಕ್ಕ ಕೂತು ಓದತೊಡಗಿದಳು. ಎರಡು ಪುಟವಾಗಿರಬೇಕು, ಅತ್ತೆ ಎಂದಿನಂತೆ ತಡೆಯಲಿಲ್ಲ, ಮೆಲ್ಲಗೆ ಪಾಡ್ದನವನ್ನೇ ಎತ್ತಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಗಳು ಓದು ನಿಲ್ಲಿಸಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು, ಅಜ್ಜಿಯ ಹಾಡು ತನ್ನ ಬೆರಳಿದ್ದಲ್ಲಿಗೆ ಬರುವುದನ್ನೇ ಕಾಯುತ್ತಿದ್ದಳು.